ಎರಡು ಕೆಂಪು, ಒಂದು ಹಳದಿ

ಭಿನ್ನರಾಶಿಗೆ ಶಾಲೆಯಲ್ಲೇ ಕೈಮುಗಿದಿದ್ದ ಶೋಭಾರಾಣಿ, ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಾ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಮೊಮ್ಮಗಳ ಮಾತಿಗೆ ಕಿವಿಗೊಟ್ಟಳು. ಹುಡುಗಿಯ ಮಡಿಲಲ್ಲಿ ಪರೀಕ್ಷೆಯ ಪೇಪರಿತ್ತು.

“ಇಪ್ಪತ್ನಾಕು ಬೈ ಮೂವತ್ತಾರನ್ನ ಚಿಕ್ಕದು ಮಾಡು ಅಂದಿದ್ರು ಕಣಜ್ಜಿ. ಹನ್ನೆರಡು ಬೈ ಹದಿನೆಂಟು ಅಂತ ಬರೆದೆ. ಮೇಡಂ ತಪ್ಪು ಹಾಕ್ಬುಟ್ರು. ಸೋಮವಾರ ಮತ್ತೆ ಬರೀಬೇಕು.”

“ಎರಡೂ ಒಂದೇ ಅಲ್ವೇನೆ?”

“ಒಂದೇ. ಇನ್ನೂ ಚಿಕ್ಕದು ಮಾಡ್ಬೇಕಿತ್ತಂತೆ. ಎಲ್ಲೀಗಂಟ ಮಾಡೋದು?”

“ಸರಿ ಬಿಡು. ನಮ್ಮ ಮಗ್ಗದ ಸೀರೆ ಅಂಚಿಗೆ ಮೂವತ್ತಾರು ಎಳೆ. ಇಪ್ಪತ್ನಾಕು ಕೆಂಪು, ಮಿಕ್ಕಿದ್ದು ಹಳದಿ. ನಿಮ್ಮವ್ವ ಎಳೆ ಜೋಡಿಸೋವಾಗ ನಾನು ಏನಂತ ಕೂಗ್ತೀನಿ?”

“ಎರಡು ಕೆಂಪು, ಒಂದು ಹಳದಿ.”

“ಇಪ್ಪತ್ನಾಕು ಅನ್ನಲ್ವಾ?”

“ಯಾಕನ್ಬೇಕು? ಮೂರ್ಮೂರು ಎಳೆಗೂ ಅದೇ ತಿರುಗಾ ಬತ್ತದೆ.” ಹುಡುಗಿ ಪೇಪರಿನತ್ತ ನೋಡಿದಳು. “ಮೂರರಲ್ಲಿ ಎರಡು ಕೆಂಪು. ಎರಡು ಬೈ ಮೂರು ಕಣಜ್ಜಿ.”

“ಇನ್ನೂ ಚಿಕ್ಕದು ಮಾಡ್ತೀಯಾ?”

“ಆಗಲ್ಲ. ಎಳೆನೇ ಸೀಳ್ಬೇಕಾಯ್ತದೆ.”

“ಹಂಗಾದ್ರೆ ಅಲ್ಲೀಗಂಟ ಕಣಮ್ಮ.”

ಬಸ್ಸು ಬಂತು. ಇಬ್ಬರೂ ನಗುತ್ತಾ ಹತ್ತಿದರು. ಶೋಭಾರಾಣಿ ತನ್ನ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ಎಣಿಸುತ್ತಿದ್ದಳು: ಎರಡು ಹಸಿರು, ಒಂದು ಬಿಳಿ, ಎರಡು ಹಸಿರು, ಒಂದು ಬಿಳಿ. ತಲೆಯೆತ್ತಿದಾಗ ಅವಳೂ ಹತ್ತಬೇಕಿದ್ದ ಆ ಬಸ್ಸು ಗೇಟು ದಾಟಿತ್ತು.