ಫ್ಯಾಮಿಲಿ ರೂಮಿನಲ್ಲಿ ಊಟ

ಅರವತ್ತೆರಡನೇ ಇಸವಿಯ ದಸರಾ ರಜೆ. ಭದ್ರಾವತಿ ಸ್ಟೇಷನ್ನಿನ ಟಿಕೆಟ್ ಕಿಂಡಿ ಇನ್ನೂ ತೆರೆದಿರಲಿಲ್ಲ. ಸಾಲಿನಲ್ಲಿ ನನ್ನ ಮುಂದೆ ಶಿವಮೊಗ್ಗಕ್ಕೆ ಹೊರಟ ವೇದಾ ಟೀಚರ್ ನಿಂತಿದ್ದರು. ಅವರ ಮುಂದಿದ್ದ ಹೆಂಗಸನ್ನು ದಾಕ್ಷಾಯಣಮ್ಮ ಎಂದು ಕರೆಯುತ್ತಿದ್ದರು. ಆಕೆಯ ಇಬ್ಬರು ಹೆಣ್ಣುಮಕ್ಕಳು ದೂರದ ಬೆಂಚಿನ ಮೇಲೆ ಕುಳಿತಿದ್ದರು.

“ಟೀಚರ್, ಹೋದ ವರ್ಷ ಬೃಂದಾವನ ನೋಡ್ಕೊಂಡು ಬಂದ್ರಲ್ಲ, ಊಟ ಎಲ್ಲಿ ಮಾಡಿದ್ರಿ?”

“ಮೈಸೂರು ಸ್ಟೇಷನ್ ಹತ್ರಾನೇ ಒಂದು ಹೋಟ್ಲಿದೆ. ಸಾರು ಚೆನ್ನಾಗಿರುತ್ತೆ, ಮಕ್ಕಳಿಗೆ ಖಾರ ಆಗಲ್ಲ. ಒಳಗೆ ಪರದೆ ಹಾಕಿರೋ ಫ್ಯಾಮಿಲಿ ರೂಮೂ ಇದೆ.”

“ಗಂಡಸರಿಲ್ದೆ ಹೋದ್ರೆ ಅಲ್ಲಿ ಕೂರಿಸ್ತಾರಾ?”



“ನಮ್ಮ ಜೊತೆ ಯಜಮಾನ್ರು ಇದ್ರು. ಅದಕ್ಕೆ ನನಗೆ ಅದು ಗೊತ್ತಿಲ್ಲ. ಈ ವರ್ಷವೇ ಹೋಗ್ಬೇಕಾ, ದಾಕ್ಷಾಯಣಮ್ಮ? ನಿಮ್ಮ ಯಜಮಾನ್ರು ತೀರ್ಕೊಂಡು ಇನ್ನೂ ಮೂರು ತಿಂಗ್ಳಾಗಿಲ್ಲ.”

“ಬೃಂದಾವನದ ದೀಪ ತೋರಿಸ್ತೀನಿ ಅಂತ ಮಕ್ಕಳಿಗೆ ಅವರೇ ಹೇಳಿದ್ರು. ಕಾರ್ಖಾನೇಲಿ ರಜಾನೂ ಬರ್ಕೊಟ್ಟಿದ್ರು.”

ಆಕೆಯ ದನಿಯಲ್ಲಿ ಏರಿಳಿತ ಇರಲಿಲ್ಲ.

“ಬುತ್ತಿ ಕಟ್ಕೊಂಡು ಹೋಗ್ಬಹುದಲ್ಲ.”

“ಮೊದಲನೇ ದಿನಕ್ಕೆ ರೊಟ್ಟಿ ಇದೆ. ಎರಡನೇ ದಿನಕ್ಕೆ ಕೇಳ್ತಿದೀನಿ.”

“ಹಾಗಾದ್ರೆ, ಯಜಮಾನ್ರು ಹಿಂದೆ ಬರ್ತಿದಾರೆ ಅಂತ ಮಾಣಿಗೆ ಹೇಳಿ ಒಳಗೆ ಕೂತ್ಬಿಡಿ. ಆಮೇಲೆ ಯಾರೂ ಎಬ್ಬಿಸಲ್ಲ.”

“ಅದನ್ನ ಹೇಳೋಕಾಗಲ್ಲ ಟೀಚರ್. ಚಿಕ್ಕೋಳು ನಿಜ ಅನ್ಕೊಂಡು, ಊಟ ಬಿಟ್ಟು ಬಾಗ್ಲು ನೋಡ್ತಾ ಕೂತಿರ್ತಾಳೆ.”

ಕಿಂಡಿ ತೆರೆಯಿತು. ದಾಕ್ಷಾಯಣಮ್ಮ ಮೈಸೂರಿಗೆ ಒಂದು ಪೂರ್ತಿ, ಎರಡು ಅರ್ಧ ಟಿಕೆಟ್ ಕೇಳಿದರು. ಆಮೇಲೆ ಬೆಂಚಿನ ಹತ್ತಿರ ಹೋಗಿ, ಮಕ್ಕಳನ್ನು ಎಬ್ಬಿಸಿಕೊಂಡು ಪ್ಲಾಟ್‌ಫಾರ್ಮಿನ ಕಡೆ ನಡೆದರು.