ಆ ಕಡೆಯ ಅಕ್ಕ

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಅದರ ಬೆನ್ನಿಗೇ ಕರೆಂಟು ಹೋಯಿತು. ಮೋಟಾರು ಹಾಕಿದ ನಮ್ಮ ಹೊಲಿಗೆ ಮಷೀನುಗಳೆಲ್ಲ ಅರ್ಧ ಹೊಲಿಗೆಯಲ್ಲೇ ಬಾಯಿ ಮುಚ್ಚಿಕೊಂಡವು. ಕಟಿಂಗ್ ಮಾಸ್ಟರು ಕತ್ತರಿ ಕೆಳಗಿಟ್ಟರು. ಗುಂಡಿ ಹೊಲಿಯುವವಳು ಒಂದು ಮೇಣದಬತ್ತಿ ಹಚ್ಚಿ ಮೇಜಿನ ಮೇಲೆ ನಿಲ್ಲಿಸಿದಳು. ಇಸ್ತ್ರಿಯವನು ಎರಚಲು ಬರದ ಹಾಗೆ ಷಟರನ್ನು ಅರ್ಧಕ್ಕೆ ಇಳಿಸಿ ಬಂದು ಬಟ್ಟೆಯ ಗಂಟಿನ ಮೇಲೆ ಕುಳಿತ. ನಾನು ಬಟ್ಟೆಯ ಅಂಚಿಗೆ ಓವರ್‌ಲಾಕ್ ಮಾಡುವವಳು, ಕರೆಂಟಿಲ್ಲದೆ ನನ್ನ ಕೆಲಸವೂ ನಿಂತಿತ್ತು. ನಡೆಯುತ್ತಿದ್ದದ್ದು ಅಂಗಡಿಯ ಒಡತಿಯ ಕಾಲುಮಷೀನು ಒಂದೇ. ಬೀದಿಯವರೆಲ್ಲ ಆಕೆಯನ್ನು ಹೊಲಿಗೆಯಜ್ಜಿ ಎನ್ನುತ್ತಾರೆ. ಸೂಜಿಗೆ ಮೊನೆ ಒಂದೇ ಕಡೆ, ಅಜ್ಜಿಯ ನಾಲಿಗೆಗೆ ಎರಡೂ ಕಡೆ ಎಂಬುದು ನಮ್ಮೊಳಗಿನ ಮಾತು.

ಕತ್ತಲಾದರೆ ಬಾಯಿ ಸುಮ್ಮನಿರುತ್ತದೆಯೇ? ಮಾಸ್ಟರು ಯಾವುದೋ ಗಿರಾಕಿಯ ಮನೆಯ ವಿಷಯವನ್ನು ಪಿಸುಗುಟ್ಟಲು ಶುರುಮಾಡಿದರು. ಗುಂಡಿಯವಳು ತುಟಿಯ ಮೇಲೆ ಬೆರಳಿಟ್ಟು, “ಮೆಲ್ಲಗೆ ಮಾಸ್ಟ್ರೇ, ಗೋಡೆಗೂ ಕಿವಿ ಇರುತ್ತೆ” ಎಂದಳು.

ಅಜ್ಜಿಯ ಕಾಲು ತುಳಿಯುವುದನ್ನು ನಿಲ್ಲಿಸಿತು.

“ಕಿವಿ ಮಾತ್ರಾನಾ? ಮೊಳೆ ಹೊಡೆಯೋವಾಗ ಬಿಟ್ರೆ ಗೋಡೆ ಕಡೆ ತಿರುಗಿ ನೋಡದೋರು ನೀವು, ಗೋಡೆಗೆ ಏನೇನಿರುತ್ತೆ ಅಂತ ನಿಮಗೇನು ಗೊತ್ತು...”

“ಅಜ್ಜೀ, ದೆವ್ವದ ಕತೆಯಾ?” ಎಂದು ಇಸ್ತ್ರಿಯವನು ಗಂಟನ್ನೇ ಮುಂದಕ್ಕೆ ಎಳೆದುಕೊಂಡ.

“ದೆವ್ವ ಇದೆ. ಆದ್ರೆ ಅಸಹ್ಯ ಆಗೋದು ದೆವ್ವ ನೋಡಿ ಅಲ್ಲ. ಕೇಳ್ತೀಯಾ? ಹಾಗಿದ್ರೆ ಬಾಯಿ ಮುಚ್ಕೊಂಡು ಕೂತ್ಕೋ.”

ದಾರ ಕಡಿದು, ಕನ್ನಡಕ ಹಣೆಗೇರಿಸಿ, ಅಜ್ಜಿ ನಮ್ಮ ಕಡೆ ತಿರುಗಿದಳು.

“ಈ ಅಂಗಡಿಗೆ ಮುಂಚೆ ನಂದು ಬೇರೆ ಬೀದಿಯಲ್ಲಿ ಒಂದು ಪುಟ್ಟ ಅಂಗಡಿ ಇತ್ತು, ಬಾಗಿಲಲ್ಲೇ ಮಷೀನು. ಎದುರು ಮನೇಲಿ ಇಬ್ಬರು ಅಣ್ಣತಮ್ಮಂದಿರು. ದೊಡ್ಡೋನಿಗೆ ಬೀಗದ ಅಂಗಡಿ, ಚಿಕ್ಕೋನಿಗೆ ಕನ್ನಡಕದ ಅಂಗಡಿ. ಊರವರ ಬೀಗ ಎಲ್ಲ ಅವನು ತೆಗೀತಿದ್ದ, ಊರವರ ಕಣ್ಣೆಲ್ಲ ಇವನು ಸರಿಮಾಡ್ತಿದ್ದ... ಮನೆಗೆ ಬಂದ್ರೆ ಅವನು ಬಾಗಿಲು ತೆಗೆಯೋನಲ್ಲ, ಇವನು ಕಣ್ಣು ಬಿಡೋನಲ್ಲ. ಇಬ್ಬರನ್ನೂ ಸಾಕಿದೋಳು ಅವರಕ್ಕ. ತಾಯಿ ಸತ್ತಾಗ ಚಿಕ್ಕೋನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಇವೆರಡನ್ನೂ ಕಂಕುಳಲ್ಲಿ ಹೊತ್ತು, ಮೂಗು ಒರೆಸಿ, ಮೀಸೆ ಬರೋವರೆಗೂ ಎತ್ತಿ ಆಡಿಸೋದರಲ್ಲಿ ಆಕೆ ತನ್ನ ಮದುವೇನ ಮರೆತಳು. ಇವರೂ ಮರೆತರು. ಆ ಮನೇಲಿ ಮೂವರಿಗೂ ಒಮ್ಮತ ಇದ್ದದ್ದು ಅದೊಂದು ವಿಷಯದಲ್ಲೇ! ದಿನಾ ಬೆಳಿಗ್ಗೆ ಹಂಡೆ ಕಾಯಿಸಿ, ಇಡೀ ಬೀದಿಗೆ ಕೇಳೋ ಹಾಗೆ ಕೂಗ್ತಿದ್ಲು, ‘ಬಾರೋ ಮರೀ, ನೀರು ಕಾದಿದೆ’ ಅಂತ. ಮರಿಗಳು ನೋಡಿದ್ರೆ ಒಂದೊಂದಕ್ಕೂ ಹೊಟ್ಟೆ ಬಂದಿತ್ತು, ತಲೆ ಬೋಳಾಗಿತ್ತು. ಆಕೆಗೆ ಮಾತ್ರ ಮರಿಗಳೇ.

“ಆಮೇಲೆ ಪಾಲು ಆಯ್ತು. ಹೆಂಡತಿಯರು ತಂದಿಟ್ಟರು ಅಂತ ಜನ ಆಡ್ಕೊಂಡರು. ಸುಳ್ಳು. ಹೆಂಡತಿಯರ ಮಾತು ಕೇಳೋವಷ್ಟು ಬುದ್ಧಿ ಆ ಇಬ್ಬರಿಗೆ ಯಾವತ್ತಿತ್ತು? ಗೋಡೆಗೆ ಹೇಳಿದ್ರೂ ಒಂದು ಚಕ್ಕೆ ಸುಣ್ಣ ಉದುರುತ್ತೆ, ಇವರಿಗೆ ಹೇಳಿದ್ರೆ ಅದೂ ಇಲ್ಲ. ಪಾಲು ಮಾಡೋಕೆ ನಾಲ್ಕು ಜನ ದೊಡ್ಡ ಮನುಷ್ಯರು ಬಂದರು, ಜಗಲಿ ಮೇಲೆ ಕೂತರು, ಪಾತ್ರೆ ಪಡಗ ಎಲ್ಲ ಹಂಚಿದರು. ಅಕ್ಕ ಯಾರ ಕಡೆ ಅಂತ ಕೇಳಿದ್ರೆ ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟರು. ‘ಅಕ್ಕ ಅಂದ್ರೆ ತಾಯಿ ಇದ್ದ ಹಾಗೆ, ಆಕೆ ಇಬ್ಬರಿಗೂ ಸೇರಿದೋಳು’ ಅಂದು ಟವಲು ಕೊಡವಿ ಎದ್ದು ಹೋದರು. ಇಬ್ಬರಿಗೂ ಸೇರಿದ್ದು ಅಂದ್ರೆ ಏನರ್ಥ? ಇಬ್ಬರ ಮಧ್ಯದ ಕೊಳಾಯಿ ಕೆಟ್ಟರೆ ಯಾರು ರಿಪೇರಿ ಮಾಡಿಸ್ತಾರೆ, ನೀವೇ ಹೇಳಿ?

“ಅಕ್ಕ ಆಗ ಅಲ್ಲಿರಲಿಲ್ಲ. ಪಕ್ಕದೂರಲ್ಲಿ ಚಿಕ್ಕಮ್ಮ ಬಿದ್ದು ಕಾಲು ಮುರ್ಕೊಂಡಿದ್ದರು, ನೋಡ್ಕೊಳ್ಳೋಕೆ ಹೋಗಿದ್ಲು. ಆಕೆ ಇಲ್ಲದ ಹೊತ್ತಲ್ಲೇ ಗೋಡೆ ಎದ್ದಿದ್ದು. ಆ ಗೋಡೆ ಕತೆ ಕೇಳಿದ್ರೆ ನಗ್ತೀರೋ ಉಗೀತೀರೋ... ಮನೆ ಮಧ್ಯಕ್ಕೆ ದಾರ ಹಿಡಿದರು. ಗೋಡೆ ಅಂದಮೇಲೆ ಅದಕ್ಕೂ ಒಂದು ದಪ್ಪ ಇರುತ್ತಲ್ಲ, ಆ ದಪ್ಪ ಯಾರ ನೆಲದ ಮೇಲೆ ಬರಬೇಕು? ‘ನಿನ್ನ ಕಡೆ ಬರಲಿ’ ಅಂದ ಅಣ್ಣ. ‘ನನ್ನ ನೆಲ ಯಾಕೆ ತಿನ್ನಬೇಕು’ ಅಂದ ತಮ್ಮ. ಅರ್ಧರ್ಧ ಹಾಕ್ಕೊಳ್ಳಿ ಅಂದ್ರೆ ಇಬ್ಬರೂ ಹಾವು ತುಳಿದೋರ ಹಾಗೆ ಹಾರಿದರು. ಗಾರೆಯವನು ಕರಣೆ ಹಿಡ್ಕೊಂಡು ನಿಂತೂ ನಿಂತೂ ಸಾಕಾಗಿ, ‘ಸ್ವಾಮೀ, ಒಂದು ಗೋಡೆಗೆ ಎರಡು ಮುಖ ಇರುತ್ತೆ, ತಲೆಗೊಂದು ಮುಖ ಸಾಲದಾ’ ಅಂದ. ಸಾಲಲಿಲ್ಲ. ಅಣ್ಣ ತನ್ನ ನೆಲದಲ್ಲಿ ತನ್ನದೇ ಒಂದು ಗೋಡೆ ಕಟ್ಟಿಸಿದ. ತಮ್ಮ ತನ್ನ ನೆಲದಲ್ಲಿ ತನ್ನದೇ ಇನ್ನೊಂದು. ಅರ್ಧ ಗೋಡೆ ಜಾಗ ಬಿಡಲಾರದೆ ಇಬ್ಬರೂ ಒಂದೊಂದು ಪೂರ್ತಿ ಗೋಡೆ ಜಾಗ ಕಳ್ಕೊಂಡರು! ಕತ್ತೆಗಳೂ ಇಷ್ಟು ಲೆಕ್ಕ ತಪ್ಪಲ್ಲ.”

ಮಾಸ್ಟರು ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ.

“ಗೆರೆ ದಾಟಿದೆ ಅಂತ ಆಚೆಯವನು ತಕರಾರು ತೆಗೆದಾನು ಅಂತ ಇಬ್ಬರೂ ಸ್ವಲ್ಪ ಹಿಂದಕ್ಕೆ ಸರಿದೇ ಕಟ್ಟಿಸಿದ್ದರು. ಹಾಗಾಗಿ ಎರಡು ಗೋಡೆ ಮಧ್ಯೆ ಒಂದು ಸಂದಿ ಉಳೀತು... ನನ್ನ ಅಂಗೈ ಅಗಲ, ನೋಡಿ, ಇಷ್ಟೇ. ಮೇಲೆ ತಾರಸಿ, ಎರಡು ತುದಿಗೂ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟರು. ಒಳಮುಖಕ್ಕೆ ಗಾರೆ ಬಳಿಯೋಕೆ ಆಗಲ್ಲ, ಕೈಯೇ ಹೋಗಲ್ಲ. ಇಟ್ಟಿಗೆ ಸಂದಿಂದ ಹಿಂಡಿ ಬಂದ ಗಾರೆ ನಾಯಿ ನಾಲಿಗೆ ಥರ ಹಾಗೇ ಜೋತಾಡ್ತಾ ಒಣಗಿರುತ್ತೆ. ಯಾರು ನೋಡ್ತಾರೆ? ಅದು ಯಾರ ಜಾಗಾನೂ ಅಲ್ಲವಲ್ಲ.

“ಒಂದಿನ ಸಂಜೆ, ಹೀಗೇ ಮಳೆ, ಅಕ್ಕ ಕೈಚೀಲ ಹಿಡ್ಕೊಂಡು ಬಸ್ಸಿಳಿದು ಬಂದಳು. ನೋಡ್ತಾಳೆ, ಒಂದು ಬಾಗಿಲಿದ್ದ ಕಡೆ ಎರಡು ಬಾಗಿಲು. ದೊಡ್ಡೋನ ಬಾಗಿಲು ತಟ್ಟಿದಳು. ‘ಅಕ್ಕಾ, ನಿನ್ನ ಪೆಟ್ಟಿಗೆ ಹಾಸಿಗೆ ಎಲ್ಲ ಆ ಕಡೆ ಇದೆಯಲ್ಲ’ ಅಂದ. ಚಿಕ್ಕೋನ ಬಾಗಿಲು ತಟ್ಟಿದಳು. ‘ಇಲ್ಲಕ್ಕಾ, ಅಡುಗೆಮನೆ ಬಂದಿರೋದು ಆ ಕಡೆ, ನೀನೂ ಅಲ್ಲಿಗೇ ತಾನೇ’ ಅಂದ. ಇಬ್ಬರೂ ಬಯ್ಯಲಿಲ್ಲ ರೀ, ನಗುನಗ್ತಾನೇ ಹೇಳಿದರು. ನಾನು ಮಷೀನು ಬಿಟ್ಟು ಹೋಗಿ ಕೈ ಹಿಡಿದೆ, ‘ಬಾರಮ್ಮಾ, ನನ್ನ ಹತ್ತಿರ ಇರು’ ಅಂದೆ. ‘ಬೇಡ ತಾಯಿ, ಎದುರಿಗೇ ಮನೆ ಇಟ್ಕೊಂಡು ನಿಮ್ಮಲ್ಲಿ ಮಲಗಿದ್ರೆ ನನ್ನ ಮಕ್ಕಳ ಮರ್ಯಾದೆ ಏನಾಗಬೇಕು? ಯಾರಾದ್ರೂ ಒಬ್ಬರು ಕರೀತಾರೆ’ ಅಂದಳು. ಅಷ್ಟರಲ್ಲಿ ನನಗೆ ಗಿರಾಕಿ ಬಂದ. ಅಳತೆ ತಗೊಂಡು ತಿರುಗಿ ನೋಡಿದ್ರೆ ಅಕ್ಕ ಅಲ್ಲಿಲ್ಲ. ಸದ್ಯ, ಒಬ್ಬ ಒಳಗೆ ಕರ್ಕೊಂಡ ಅಂತ ನನಗೂ ಹಗುರಾಯ್ತು.

“ಆಮೇಲೆ ದೊಡ್ಡೋನ ಹೆಂಡತಿ ಪರದೆ ಹೊಲಿಸಬೇಕು ಅಂತ ಅಳತೆಗೆ ಕರೆದಳು. ಹೋಗಿ ಟೇಪು ಹಿಡಿದು ನಿಂತಿದ್ದೆ... ಗೋಡೆ ಆಚೆ ಸರ್ ಸರ್ ಅಂತ ಪೊರಕೆ ಸದ್ದು. ಲೋಟ ತೊಳೆಯೋ ಸದ್ದು. ಆಮೇಲೆ ಅದೇ ದನಿ, ‘ಬಾರೋ ಮರೀ, ನೀರು ಕಾದಿದೆ.’ ದೊಡ್ಡೋನು ಊಟದ ತಟ್ಟೆ ಮುಂದೆ ಕೂತಿದ್ದ, ಮುಖ ಹರಳೆಣ್ಣೆ ಕುಡಿದ ಹಾಗಾಯ್ತು. ‘ಕೇಳಿದ್ರಾ? ನನ್ನನ್ನ ಒಂದಿನ ತಿರುಗಿ ನೋಡ್ಲಿಲ್ಲ. ಚಿಕ್ಕೋನಿಗೆ ಮಾತ್ರ ಈಗ್ಲೂ ಹಂಡೆ ಕಾಯಿಸ್ತಾಳೆ’ ಅಂದ. ಹೊರಗೆ ತಳ್ಳಿದೋನಿಗೆ ಹೊಟ್ಟೆಕಿಚ್ಚು ಬೇರೆ!

“ಅಲ್ಲಿಂದ ನೇರ ಚಿಕ್ಕೋನ ಮನೆಗೆ ಹೋದೆ, ಅಲ್ಲೂ ಒಂದು ರವಿಕೆ ಅಳತೆ ಇತ್ತು. ಅಕ್ಕನ್ನ ಮಾತಾಡಿಸೋಣ ಅಂತ ಒಳಗೆ ಹೆಜ್ಜೆ ಇಟ್ಟು, ‘ಎಲ್ಲಮ್ಮಾ ನಿಮ್ಮ ಅತ್ತಿಗೆ’ ಅಂದೆ. ಅವನ ಹೆಂಡತಿ ಮೂತಿ ತಿರುಗಿಸಿ ಗೋಡೆ ತೋರಿಸಿದಳು. ‘ನಮ್ಮಲ್ಲೆಲ್ಲಿದ್ದಾರೆ? ಆ ಕಡೆ ಕೇಳಿಸ್ತಿಲ್ವಾ, ದೊಡ್ಡೋರ ಸೇವೆ ನಡೀತಿದೆ.’

“ಕೇಳಿಸ್ತಿತ್ತು... ಸರ್, ಸರ್, ಪೊರಕೆ.

“ನೀವೇ ಯೋಚನೆ ಮಾಡಿ. ಆ ಮನೆಯಿಂದ ಈಗ ತಾನೇ ಎದ್ದು ಬಂದಿದ್ದೇನೆ, ಅಲ್ಲಿ ಆಕೆ ಇಲ್ಲ. ಈ ಮನೇಲಿ ನಿಂತಿದ್ದೇನೆ, ಇಲ್ಲೂ ಇಲ್ಲ. ಎರಡು ಮನೆಗೂ ಹೋಗಿಬರೋ ಪ್ರಾಣಿ ಅಂತ ಆ ಬೀದೀಲಿ ಇದ್ದಿದ್ದು ನಾನೊಬ್ಬಳೇ. ಹಾಗಿದ್ರೆ ಗುಡಿಸ್ತಿರೋದು ಎಲ್ಲಿ? ಇಬ್ಬರಿಗೂ ಹೇಳಿದೆ, ಬಾಯಿ ಬಿಟ್ಟು ಹೇಳಿದೆ, ‘ಆಕೆ ಅಲ್ಲೂ ಇಲ್ಲ ಕಣ್ರಪ್ಪಾ’ ಅಂತ. ಅವನು ‘ನಿಮಗೆ ತಮ್ಮ ಹೇಳಿಕೊಟ್ಟು ಕಳಿಸಿದ್ನಾ’ ಅಂದ, ಇವನು ‘ಅಣ್ಣ ಏನು ಕೊಟ್ಟ’ ಅಂದ. ಥೂ! ನನ್ನ ಜನ್ಮದಲ್ಲಿ ಎಂಥೆಂಥವರ ಮೈ ಅಳತೆ ತಗೊಂಡಿದ್ದೇನೆ, ಇಷ್ಟು ಗಿಡ್ಡ ಮನುಷ್ಯರನ್ನ ಕಾಣಲಿಲ್ಲ.

“ಕಡೆಗೆ ಒಂದಿನ ಚಿಕ್ಕಮ್ಮನೇ ಬಂದರು. ಊರುಗೋಲು ಹಿಡ್ಕೊಂಡು, ನಡುಬೀದೀಲಿ ನಿಂತು, ಎರಡು ಬಾಗಿಲಿಗೂ ಕೇಳೋ ಹಾಗೆ ಕೂಗಿದರು. ‘ಎಲ್ರೋ, ಹೊರಗೆ ಬನ್ರೋ ದರಿದ್ರಗಳಾ! ನಿಮ್ಮಕ್ಕ ಮಣ್ಣಾಗಿ ವರ್ಷ ಆಗ್ತಾ ಬಂತು, ಒಬ್ಬ ತಲೆ ಹಾಕ್ಲಿಲ್ಲ!’ ಆ ಮಳೆ ಬಂದ ಸಂಜೆ ಅಕ್ಕ ನೆಂದ್ಕೊಂಡೇ ವಾಪಸ್ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋಗಿದ್ದಳಂತೆ. ಮೆಟ್ಟಿಲ ಮೇಲೆ ಕೂತೋಳು ಏಳಲೇ ಇಲ್ಲ. ಸುದ್ದಿ ಹೇಳೋಕೆ ಆಳು ಕಳಿಸಿದ್ದರಂತೆ. ‘ಅಕ್ಕನ ವಿಷಯ’ ಅಂತ ಆಳು ಬಾಯಿ ತೆಗೀತಿದ್ದ ಹಾಗೇ ದೊಡ್ಡೋನು ‘ಅದೇನಿದ್ರೂ ಆ ಕಡೆ ಕೇಳು’ ಅಂದ, ಚಿಕ್ಕೋನೂ ‘ಆ ಕಡೆ’ ಅಂದ, ಆಳು ನೀರು ಕೂಡ ಕುಡೀದೆ ವಾಪಸ್ ಹೋದ.

“ಇಬ್ಬರೂ ಬೀದೀಲಿ ಮುಖಾಮುಖಿ ನಿಂತರು. ‘ನಿನ್ನ ಮನೇಲಿ ಇದ್ದಳಲ್ಲೋ!’ ‘ನನ್ನ ಮನೇಲಾ? ನಿನ್ನ ಮನೇಲಿ ದಿನಾ ಕೇಳ್ತಿದ್ನಲ್ಲೋ!’ ಮಟಮಟ ಮಧ್ಯಾಹ್ನ, ಇಡೀ ಬೀದಿ ನೆರೆದಿತ್ತು. ಆಗ ಮನೆ ಒಳಗಿಂದ... ಎಲ್ಲರಿಗೂ ಕೇಳಿಸ್ತು... ‘ಬನ್ರೋ ಮರೀ, ನೀರು ಕಾದಿದೆ.’

“ಹಾರೆ ತಂದರು. ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ, ಹುಚ್ಚು ಹಿಡಿದೋರ ಥರ ಒಡೆದರು. ತೂತು ಬಿತ್ತು, ದೀಪ ಹಿಡಿದರು, ನಾನೂ ಬಗ್ಗಿ ನೋಡಿದೆ. ಒಳಗೆ ಯಾರೂ ಇಲ್ಲ. ಅಂಗೈ ಅಗಲದಲ್ಲಿ ಯಾರಿರ್ತಾರೆ? ಆದ್ರೆ ಯಾವ ಕರಣೆಯೂ ಹೋಗದ ಆ ಒಳಮುಖ ಇತ್ತಲ್ಲ, ಗಾರೆ ನಾಲಿಗೆ ಜೋತಾಡಬೇಕಿತ್ತಲ್ಲ... ಎರಡೂ ಕಡೆ ನುಣ್ಣಗೆ, ಬರಿಗೈಲಿ ಸವರಿ ಸವರಿ ಒಪ್ಪ ಮಾಡಿತ್ತು. ಬೆರಳಿನ ಗುರುತು ಸಾಲುಸಾಲು. ಕೆಳಗೆ ಒಂದು ಚೂರು ಕಸ ಇಲ್ಲ, ಗುಡಿಸಿತ್ತು. ಕೈಯಿಟ್ಟರೆ ಗೋಡೆ ಬೆಚ್ಚಗಿತ್ತು, ಹಂಡೆ ಒಲೆ ಪಕ್ಕದ ಗೋಡೆ ಇರುತ್ತಲ್ಲ, ಹಾಗೆ. ಯಾರೂ ಬೇಡ ಅಂತ ಬಿಟ್ಟ ಜಾಗ ಸಿಕ್ಕಿತ್ತು, ಅದನ್ನೇ ಮನೆ ಮಾಡ್ಕೊಂಡಿದ್ದಳು.

“ಆಗಲಾದ್ರೂ ಅತ್ತರಾ ಅಂತೀರಾ? ದೊಡ್ಡೋನು ಅಂದ, ‘ನೋಡಿ, ಬೆರಳ ಗುರುತು ನನ್ನ ಗೋಡೆ ಮೇಲೆ ಜಾಸ್ತಿ ಇದೆ, ಅಕ್ಕ ನನ್ನ ಕಡೇನೇ ಇದ್ದಿದ್ದು.’ ಚಿಕ್ಕೋನು ಅಂದ, ‘ನನ್ನ ಕಡೆ ಗೋಡೆ ಜಾಸ್ತಿ ಬೆಚ್ಚಗಿದೆ.’ ಬದುಕಿದ್ದಾಗ ಯಾರಿಗೂ ಬೇಡವಾದೋಳಿಗೆ ಸತ್ತಮೇಲೆ ಜಗಳ! ಚಿಕ್ಕಮ್ಮ ಊರುಗೋಲು ಎತ್ತಿ ಇಬ್ಬರ ಬೆನ್ನಿಗೂ ಬಾರಿಸಿದರು. ಆ ಮನೇಲಿ ಅಷ್ಟು ನ್ಯಾಯವಾಗಿ ಪಾಲಾಗಿದ್ದು ಅದೊಂದೇ.

“ಅವತ್ತಿಂದ ಅಲ್ಲಿ ಸದ್ದಿಲ್ಲ. ಆಮೇಲೆ ಇಬ್ಬರಿಗೂ ಆ ಸದ್ದು ಬೇಕಾಯ್ತು ನೋಡಿ. ಮತ್ತೆ ಗೋಡೆ ಕಟ್ಟಿಸಿದರು, ಮತ್ತೆ ಎರಡೇ, ಮಧ್ಯೆ ಅಷ್ಟೇ ಸಂದಿ ಬಿಟ್ಟು. ಗೋಡೆಗೆ ಕಿವಿ ಇಟ್ಕೊಂಡು ‘ಅಕ್ಕಾ, ಬಾರಕ್ಕಾ’ ಅಂತ ಕರೆದೂ ಕರೆದೂ ಮುದುಕರಾಗಿ ಸತ್ತರು. ಬರ್ತಾಳಾ? ಒಡೆದ ಮನೆಗೆ ಯಾರು ಬರ್ತಾರೆ? ಇವರ ಸಂದಿ ಒಂದೇನಾ ಊರಲ್ಲಿ? ಈಗ ಎಲ್ಲಿ ನೋಡಿದ್ರೂ ಅವರವರ ಗೋಡೆ ಅವರವರಿಗೆ, ಮಧ್ಯೆ ಅಂಗೈ ಅಗಲ...”

ಮೇಣದಬತ್ತಿ ಅರ್ಧಕ್ಕಿಳಿದಿತ್ತು. ಮಳೆಯ ಸದ್ದು ತೆಳುವಾಗಿದ್ದರೂ ಯಾರೂ ಏಳಲಿಲ್ಲ. ಅಜ್ಜಿ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತ, ನಮ್ಮ ಮುಖ ನೋಡದೆ ಮುಂದುವರಿಸಿದಳು.

“ಪಕ್ಕದ ಔಷಧಿ ಅಂಗಡಿಗೂ ನಮಗೂ ಹಾಗೇ, ಎರಡು ಗೋಡೆ. ಸ್ವಲ್ಪ ದಿನದ ಹಿಂದೆ ನೀವೆಲ್ಲ ಊಟಕ್ಕೆ ಹೋಗಿದ್ರಿ. ಔಷಧಿ ಅಂಗಡಿಯವನು ಬಂದು, ‘ಅಜ್ಜೀ, ನಿಮ್ಮ ಕಡೆ ದಿನಾ ಇಷ್ಟೊತ್ತು ಗುಡಿಸೋದು ಯಾರು’ ಅಂದ. ನಾನು ಮಷೀನು ನಿಲ್ಲಿಸಿದೆ. ಆ ಸದ್ದು ನಾನೂ ಕೇಳ್ತಿದ್ದೆ, ಅವನ ಕಡೆಯದ್ದು ಅಂದ್ಕೊಂಡು... ‘ನಮ್ಮ ಕಡೆ ಅಲ್ಲಪ್ಪಾ’ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ‘ನಮ್ಮೋಳೇ ಕಣಪ್ಪಾ, ನಮ್ಮ ಕಡೆಯೋಳೇ’ ಅಂದೆ.”

“ಆಮೇಲೆ ಸದ್ದು ನಿಂತುಹೋಯ್ತಾ ಅಜ್ಜೀ?” ಗುಂಡಿಯವಳು ಮೇಣದಬತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು.

“ಗೋಡೆ ಒಳಗೆ ನಿಂತುಹೋಯ್ತು” ಎಂದಳು ಅಜ್ಜಿ. ಆಮೇಲೆ ನಮ್ಮೊಬ್ಬೊಬ್ಬರನ್ನೂ ನೋಡುತ್ತ, ಹೊಲಿಗೆ ಬಿಚ್ಚಿದ ಬಟ್ಟೆಯನ್ನು ನೋಡುವ ತಾತ್ಸಾರದಲ್ಲಿ ಹೇಳಿದಳು, “ಎಂಥ ಜನಾನೋ ನೀವು! ದಿನಾ ಬೆಳಿಗ್ಗೆ ಬರ್ತೀರ. ಹಿಂದಿನ ದಿನದ ಚೂರು, ದಾರ ಎಲ್ಲ ಗುಡಿಸಿ ಮೂಲೇಲಿ ಗುಡ್ಡೆ ಹಾಕಿರುತ್ತೆ. ಅಜ್ಜಿ ಗುಡಿಸಿರ್ತಾಳೆ ಅಂತ ಕೂತ್ಕೋತೀರ... ಈ ಸೊಂಟ ಬಗ್ಗದೆ ಎಷ್ಟು ವರ್ಷ ಆಯ್ತು ಅಂತ ಒಬ್ಬರಾದ್ರೂ ಕೇಳಿದೀರಾ?”