ನಿಂತ ರೈಲಿನ ನಲವತ್ತು ನಿಮಿಷ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಪ್ರಶ್ನೆಪತ್ರಿಕೆ ಹಿಡಿದು ನಿಂತಿದ್ದ ಟೀಚರಮ್ಮನ ಮುಂದೆಯೇ ಅಕ್ಕ-ತಮ್ಮನ ಜಗಳ ನಡೆದಿತ್ತು. ತಮ್ಮನ ಕೈಯಲ್ಲಿ ಒಂದು ರೈಲು ಪ್ರಯಾಣದ ಬಗ್ಗೆ ಅವನೇ ವಾದ್ಯವೃಂದಕ್ಕೆಂದು ಬರೆದ ಸ್ವರದ ಹಾಳೆಗಳ ಕಟ್ಟು. ಅಕ್ಕ ಆ ವೃಂದದಲ್ಲಿ ಡ್ರಮ್ ಬಾರಿಸುವವಳು.

"ಇಪ್ಪತ್ತು ನಿಮಿಷ ಒಂದೇ ಸಮ ಟಕಟಕ ಅಂತ ಬಡೀತಾ ಕೂತ್ರೆ ನನ್ನ ಕೈ ಬಿದ್ದೋಗುತ್ತೆ ಕಣೋ."

"ರೈಲು ಹಾಗೇ ತಾನೆ ಓಡೋದು. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಆ ರೈಲು ಇನ್ನೂ ನನ್ನ ಕಿವೀಲಿದೆ."

"ಕಿವೀಲಿದೆಯಂತೆ. ಮೇಲಿನ ಬರ್ತ್‌ನಲ್ಲಿ ಗೊರಕೆ ಹೊಡೀತಿದ್ದವನು ನೀನು."

"ಸ್ವಲ್ಪ ಕಣ್ಣು ಹತ್ತಿತ್ತು, ಅಷ್ಟೆ."

"ಸಿಗ್ನಲ್ ಸಿಗದೆ ನಲವತ್ತು ನಿಮಿಷ ನಿಂತಿತ್ತಲ್ಲ, ಅದು ಗೊತ್ತಾ ನಿಂಗೆ?"

"ನಿಂತಿತ್ತಾ?"

"ಬೋಗೀಲಿ ಒಂದು ಸದ್ದಿಲ್ಲ. ಅಮ್ಮನ ತಲೆ ನನ್ನ ತೊಡೆ ಮೇಲೆ. ಅವಳ ಉಸಿರು ಎಣಿಸ್ತಾ ಕೂತಿದ್ದೆ. ಅದೆಲ್ಲಿದೆ ಇದ್ರಲ್ಲಿ?"

"ನನ್ನ ಯಾಕೆ ಎಬ್ಬಿಸ್ಲಿಲ್ಲ?"

"ಪಾಪ, ಮಲಗ್ಲಿ ಬಿಡು ಅಂದ್ಳು ಅಮ್ಮ."

ಅಂಗಡಿಯವನು ಕೈ ಚಾಚಿದ. "ಎಷ್ಟು ಕಾಪಿ, ಸಾರ್?"

ತಮ್ಮ ಕಟ್ಟನ್ನು ಹಿಂದಕ್ಕೆಳೆದುಕೊಂಡ. "ಈಗ ಬೇಡ, ಇನ್ನೂ ಬರೆಯೋದಿದೆ. ಅಕ್ಕ, ಆ ಉಸಿರು ಹೇಗೆ ಬರ್ತಿತ್ತು?"

"ನಾಳೆ ರಿಹರ್ಸಲ್ ಇಟ್ಕೊಂಡು ಈಗ ಕೇಳ್ತಿದ್ದಾನೆ," ಎಂದು ಗೊಣಗುತ್ತಲೇ ಅಕ್ಕ ಮೆಟ್ಟಿಲಿಳಿದಳು. ಇಳಿಯುವಾಗ "ಹೀಗೆ" ಎಂದು ಮೆಟ್ಟಿಲ ಕಂಬಿಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದಳು. ಅವಳು ಎರಡನೇ ಸಲ ತಟ್ಟುವವರೆಗೂ ಟೀಚರಮ್ಮ ಉಸಿರು ಬಿಗಿಹಿಡಿದೇ ನಿಂತಿದ್ದರು.